ಕೈಯಲ್ಲೇ ತಿರುಗಿಸುವ ಫಿಲ್ಟರ್

ಭಾವ,

ನೀವು ತೀರಿಹೋಗಿ ಮೂರು ತಿಂಗಳಾದ ಮೇಲೆ, ಇವತ್ತು ನಿಮ್ಮ ಹಳೆಯ ಕಾರಿನ ಆಯಿಲ್ ಫಿಲ್ಟರ್ ಬದಲಾಯಿಸಿದೆ. ಬಟ್ಟಲಿನೊಳಗೆ ಕಾಗದದ ಫಿಲ್ಟರನ್ನೂ ಅದರಂಚಿಗೆ ರಬ್ಬರ್ ರಿಂಗನ್ನೂ ಬೆರಳಲ್ಲಿ ಒತ್ತಿ ಕೂರಿಸುವ ಏರ್ಪಾಟನ್ನೇ ತೆಗೆದು, ಡಬ್ಬಿಯಂಥ ಫಿಲ್ಟರನ್ನು ಕೈಯಲ್ಲೇ ತಿರುಗಿಸಿ ಹಾಕುವ ಹಾಗೆ ಮಾಡಿದೆ. ನೀವು ಎರಡು ವರ್ಷ ಕೇಳಿದ್ದು ಇದನ್ನೇ. "ಒಂದು ರಬ್ಬರ್ ರಿಂಗ್ ಕೂರಿಸೋಕೂ ನಮ್ಮ ಭಾವನಿಗೆ ಮೈಗಳ್ಳತನ" ಎಂದು ಗ್ಯಾರೇಜಿನಲ್ಲಿ ಗಿರಾಕಿಗಳೆದುರೇ ನಕ್ಕಿದ್ದೆ. ನೀವೂ ನಕ್ಕಿರಿ. ಆಮೇಲೆ ಗ್ಯಾರೇಜಿಗೆ ಬರುವುದನ್ನೇ ಬಿಟ್ಟಿರಿ. ನಾನೂ ಕರೆಯಲಿಲ್ಲ.

ಇನ್ನು ಮುಂದೆ ಕಾರನ್ನು ತಾನೇ ನೋಡಿಕೊಳ್ಳುತ್ತೇನೆಂದು ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಹಳೆಯ ಬಟ್ಟಲು ಬಿಚ್ಚುವಾಗ ಹೇಳಿದಳು: "ಕೊನೇಲಿ ಅವರ ಬೆರಳೆಲ್ಲ ಮರಗಟ್ಟಿತ್ತು ಕಣೋ. ಅಂಗಿ ಗುಂಡೀನೂ ನಾನೇ ಹಾಕ್ತಿದ್ದೆ. ನಿನಗೆ ಮಾತ್ರ ಹೇಳಬೇಡ ಅಂತಿದ್ರು. ನಿನಗೆ ಕೆಲಸ ಕಲಿಸಿದ ಕೈ ಅಲ್ವಾ."

ಹೊಸ ಫಿಲ್ಟರಿನ ಅಂಚಿಗೆ ಎಣ್ಣೆ ಸವರಿ ಅವಳ ಕೈಗೇ ಕೊಟ್ಟೆ. ಅವಳು ತಿರುಗಿಸಿದಳು, ಸಲೀಸಾಗಿ ಕೂತಿತು. ಎಂಜಿನ್ ಚಾಲೂ ಮಾಡಿ ನೋಡಿದೆವು, ಒಂದು ಹನಿಯೂ ಸೋರಲಿಲ್ಲ.

"ಇಷ್ಟೇನಾ ಕೆಲಸ?" ಎಂದಳು ಅಕ್ಕ.

"ಇಷ್ಟೇ ಕಣಕ್ಕ," ಎಂದೆ. ಅವಳು ಒಳಗೆ ಹೋಗುವವರೆಗೂ ಬಾನೆಟ್ಟಿನಡಿಯಿಂದ ತಲೆ ಎತ್ತಲಿಲ್ಲ.