ಮೂರು ಜವೆಕಾಳಿನ ಗುರುತು

ಪತ್ತಾದಾ, ಸಾರ್ಡಿನಿಯಾ
12 ಮೇ 1963

ಜುವಾನ್ನಾಳ ಅಪ್ಪನಿಗೆ ಬೊನಾರಿಯಾ ಬರೆಯುವುದು.

‘ಪ್ರೀತಿಯ’ ಎಂದು ಶುರುಮಾಡಿ ಹೊಡೆದುಹಾಕಿದೆ. ಆ ಹಾಳೆ ಒಲೆಗೆ ಹೋಯಿತು. ನಾಲ್ಕು ವರ್ಷದ ಮೇಲೆ ಯಾವ ಮುಖ ಇಟ್ಟುಕೊಂಡು ಬರೆಯುವುದೆಂದು ತಿಳಿಯದೆ ಮಗಳ ಹೆಸರನ್ನು ಅಡ್ಡ ಹಿಡಿದಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ಊರಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಶುರುವಾಗಿದೆ. ನೀವು ಆ ಜೆನೋವಾದಲ್ಲಿ ಹೇಗಿದ್ದೀರಿ, ನಿಮ್ಮ ಬಟ್ಟೆ ಯಾರು ಒಗೆಯುತ್ತಾರೆ, ಹರಿದದ್ದನ್ನು ಯಾರು ಹೊಲಿಯುತ್ತಾರೆ ಎಂದೆಲ್ಲ ನಾನು ಕೇಳುವುದಿಲ್ಲ. ಕೇಳಿದರೆ ಇವಳ ಅನುಮಾನ ಇನ್ನೂ ಹೋಗಿಲ್ಲ ಎನ್ನುತ್ತೀರಿ. ಹೋಗಿಲ್ಲ, ನಿಜ. ಆದರೆ ಒಂದು ಅನುಮಾನ ಹೋಗಿದೆ. ಅದನ್ನು ತಿಳಿಸಲಿಕ್ಕೇ ಈ ಪತ್ರ.

ಕಳೆದ ಸೋಮವಾರ ಬೆಳಗ್ಗೆ ರೊಟ್ಟಿ ಬೇಯಿಸುತ್ತಿದ್ದೆ. ಮೇಲಿನ ಗುಡ್ಡದಲ್ಲಿ ಕುರಿ ಕಾಯುವ ಬಾಕಿಸ್ ಮಾವ ಬಾಗಿಲಿಗೆ ಕೋಲಿನಿಂದ ಕುಟ್ಟಿ ಒಳಗೆ ಬಂದರು. ನೀವು ಮಾಡಿಕೊಟ್ಟ ಚಾಕುವನ್ನು ಇಪ್ಪತ್ತು ವರ್ಷ ಜೇಬಲ್ಲಿಟ್ಟುಕೊಂಡಿದ್ದು, ಹೋದ ಚಳಿಗಾಲ ಹಳ್ಳ ದಾಟುವಾಗ ಕಳೆದುಕೊಂಡರಂತೆ. ಈಗ ಅವರ ಹೆಬ್ಬೆರಳಿಗೆ ಇಷ್ಟು ದಪ್ಪ ಬಟ್ಟೆ ಸುತ್ತಿತ್ತು. ಮೇಜಿನ ಮೇಲೆ ಒಂದು ಮಡಚುವ ಚಾಕುವನ್ನು ಎಸೆದರು.

“ತಗೋ, ನಿನ್ನ ಗಂಡನ ಪ್ರತಾಪ!”

“ನಮ್ಮನೆಯವರು ಸಮುದ್ರದಾಚೆ ಇದಾರೆ ಮಾವ. ಇದೆಲ್ಲಿ ಸಿಕ್ತು ನಿಮಗೆ?” ಎಂದೆ.

“ಬಂದರಿನ ಹತ್ರ. ಮಾರೋನು ಏನಂದ ಗೊತ್ತಾ? ಪತ್ತಾದಾದ ಗವೀನು ಜೆನೋವಾದಲ್ಲಿ ಕೂತು ಮಾಡಿದ್ದು, ನಿನ್ನೆ ಹಡಗಲ್ಲಿ ಬಂತು ಅಂದ. ನಾನೂ ಬಾಯಿ ಬಿಟ್ಕೊಂಡು ನಂಬಿದೆ. ಹಿಡಿ ಟಗರಿನ ಕೊಂಬಂತೆ, ಟಗರಿನ ಕೊಂಬು! ಬಿಸಿನೀರಲ್ಲಿ ತೊಳೆದ್ರೆ ಹಿಡಿ ಮೆತ್ತಗಾಗಿ ಅಂಗೈಗೆ ಅಂಟ್ಕೊಳ್ತು. ಒಣಗಿದ ಚೀಸಿಗೆ ಒತ್ತಿದ್ರೆ ಅಲಗು ಹಿಂದಕ್ಕೆ ಮಡಚ್ಕೊಂಡು ಬೆರಳಿಗೇ ಬಂತು. ಚೀಸ್ ಹಂಗೇ ಇದೆ, ಬೆರಳು ಹೋಯ್ತು!”

ನಾನು ಆ ಚಾಕುವನ್ನು ಕೈಗೆತ್ತಿಕೊಂಡೆ. ನಿಮ್ಮ ಮೇಲೆ ನನಗೆ ನೂರು ಅನುಮಾನ ಇದ್ದವು. ಆದರೆ ನೀವು ಕೆಟ್ಟ ಚಾಕು ಮಾಡುತ್ತೀರಿ ಎನ್ನುವುದು ಆ ನೂರರಲ್ಲಿ ಇರಲಿಲ್ಲ. ಸೂಜಿ ಕಾಯಿಸಿ ಹಿಡಿಗೆ ಚುಚ್ಚಿದೆ. ಕೊಂಬಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಇದು ಅಂಗಡಿಯ ಪ್ಲಾಸ್ಟಿಕ್ ಬಾಚಣಿಗೆ ಸುಟ್ಟ ಹಾಗೆ ನಾರಿತು. “ಇದು ಅವರ ಕೈಕೆಲಸ ಅಲ್ಲ. ನಿಮಗೆ ಟೋಪಿ ಹಾಕಿದಾರೆ” ಎಂದೆ.

ಮಾವ ಅಲ್ಲಿಗೇ ಎದ್ದು ಹೋಗಿದ್ದರೆ ಈ ಪತ್ರ ಹುಟ್ಟುತ್ತಿರಲಿಲ್ಲ. ಆದರೆ ಅವರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ, “ಹಂಗಾದ್ರೆ ಸಿದೋರಾ ಹತ್ರ ಇರೋದೂ ಗವೀನು ಮಾಡಿದ್ದಲ್ಲ ಬಿಡು” ಎಂದರು.

ನನ್ನ ಕೈ ನಿಂತಿತು.

“ಹೋದ ವಾರ ಅವಳ ಕುರಿಗಳ ಗೊರಸು ಕೆತ್ತಿಕೊಡೋಕೆ ಹೋಗಿದ್ದೆ. ಆ ಚಾಕು ಕೈಗೆ ಕೊಟ್ಟಳು. ನೋಡಿದ್ರೆ ನಗು ಬರುತ್ತೆ ಕಣವ್ವಾ. ಹಿಡಿ ಡೊಂಕು, ಕೀಲು ಬಿಗಿ, ಯಾರೋ ಕಲಿಯೋರು ಮಾಡಿದ ಹಂಗಿದೆ. ಇದೇನು ಕೊಯ್ಯುತ್ತೆ ಅಂದ್ಕೊಂಡೇ ಹಿಡಿದೆ. ಹನ್ನೆರಡು ಕುರಿ ಆಯ್ತು, ಸಾಣೆ ಕೇಳಲಿಲ್ಲ! ಗವೀನು ಅಂಥ ಡೊಂಕು ಹಿಡಿ ಮಾಡೋನಲ್ಲ. ಆದ್ರೆ ಅಲಗಿನ ಹದ ಇದೆ ನೋಡು, ಅದು ಗವೀನೂಗೂ ಒಂದು ಕೈ ಮೇಲೆ.”

ಮಾವ ಹೋದ ಮೇಲೆ ಎರಡು ರೊಟ್ಟಿ ಸುಟ್ಟು ಕರಕಾದವು.

ಆ ಚಾಕುವಿನಿಂದಲೇ ಅಲ್ಲವೇ ನಮ್ಮ ಮನೆ ಎರಡಾದದ್ದು. ನಾನು ಮರೆತಿಲ್ಲ, ನೀವೂ ಮರೆತಿರಲಾರಿರಿ. ಆ ವರ್ಷ ಈಸ್ಟರಿನ ಹಿಂದಿನ ವಾರ ವಿಧವೆ ಸಿದೋರಾಳ ಮನೆಗೆ ಹೋಗಿದ್ದೆ. ಅವಳು ನನ್ನೆದುರೇ ಚೀಸ್ ಕೊಯ್ದಳು. ಚಾಕುವಿನ ಹಿತ್ತಾಳೆಯ ಪಟ್ಟಿಯ ಮೇಲೆ ಮೂರು ಜವೆಕಾಳು ಕೆತ್ತಿತ್ತು. ಮದುವೆಗೆ ಮುಂಚೆ ನನಗೊಂದು ಚಾಕು ಮಾಡಿಕೊಟ್ಟು, “ಈ ಗುರುತು ನಿನಗೊಬ್ಬಳಿಗೇ, ಇನ್ಯಾರಿಗೂ ಕೆತ್ತೋದಿಲ್ಲ” ಎಂದವರು ನೀವು. ಅದೇ ಮೂರು ಕಾಳು ಅವಳ ಕೈಯಲ್ಲಿ! ಎಲ್ಲಿಂದ ಬಂತು ಎಂದರೆ ಸಿದೋರಾ ಕೆಂಪಾಗಿ, ಯಾರೋ ಕೊಟ್ಟರು ಎಂದಳು. ಕೆಂಪಾದದ್ದು ಸಾಕಾಯಿತು ನನಗೆ.

ಮನೆಗೆ ಬಂದು ನಿಮ್ಮನ್ನು ಕೇಳಿದೆ. ನೀವು, “ಅದು ನಾನು ಮಾಡಿದ ಚಾಕು ಅಲ್ಲ” ಎಂದಿರಿ. ಅಷ್ಟೇ. ಕಣ್ಣಾರೆ ಕಂಡದ್ದನ್ನು ಅಲ್ಲ ಎನ್ನುವ ಗಂಡಸು ಇನ್ನು ಏನು ತಾನೇ ಮಾಡಿರಲಿಕ್ಕಿಲ್ಲ ಎಂದುಕೊಂಡೆ. ಮತ್ತೆ ಮತ್ತೆ ಕೆದಕಿದೆ. ಮೂರನೆಯ ದಿನ ನಿಮಗೆ ಸಿಟ್ಟು ಬಂತು. “ಇಷ್ಟು ವರ್ಷ ನನ್ನ ಜೊತೆ ಬಾಳಿ, ನನ್ನ ಮಾತಿಗಿಂತ ಹಿತ್ತಾಳೆ ಮೇಲಿನ ಗೀರು ದೊಡ್ಡದಾಯ್ತಾ?” ಎಂದಿರಿ. ಹೌದು ಎಂದೆ. ನಿಮ್ಮ ಅಂಗಿಗಳನ್ನು ಗಂಟು ಕಟ್ಟಿ ಹೊಸಿಲಾಚೆ ಇಟ್ಟೆ. ನಿಮ್ಮ ಕಾಗದ ಬಂದರೆ ಓದದೆ ಒಲೆಗೆ ಹಾಕುತ್ತೇನೆ ಎಂದೂ ಹೇಳಿದೆ. ಜುವಾನ್ನಾಳಿಗೆ ಕಾರಣ ತಿಳಿಸಲಿಲ್ಲ. ಹದಿನಾರರ ಹುಡುಗಿಗೆ ಅಪ್ಪನ ಇಂಥ ಸುದ್ದಿ ಯಾಕೆ? ಕೆಲಸಕ್ಕೆ ಹೋಗಿದ್ದಾರೆ ಎಂದೆ. ನೀವು ಹೋದ ವಾರವೇ ಕುಲುಮೆಯಲ್ಲಿ ಗಾಳಿ ಊದುವ ಚಿಕ್ಕ ತಿದಿ ಕಾಣೆಯಾಗಿತ್ತು. ಅದನ್ನೂ ಹೋಗುವಾಗ ಸಿದೋರಾಳಿಗೇ ಕೊಟ್ಟು ಹೋಗಿದ್ದೀರಿ ಎಂದು ಲೆಕ್ಕ ಹಾಕಿದೆ. ಕುಲುಮೆಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡೆ.

ಬಾಕಿಸ್ ಮಾವ ಬಂದುಹೋದ ಮಾರನೆಯ ದಿನ, ರೊಟ್ಟಿ ಹುದುಗಿಸಲು ಹುಳಿಹಿಟ್ಟು ಬೇಕೆಂಬ ನೆಪ ಮಾಡಿಕೊಂಡು ಸಿದೋರಾಳ ಮನೆಗೆ ಹೋದೆ. ನಾಲ್ಕು ವರ್ಷ ಬೀದಿಯಲ್ಲಿ ಕಂಡರೆ ಮುಖ ತಿರುಗಿಸಿದವಳು ಹುಳಿಹಿಟ್ಟಿಗೆ ಬಂದರೆ ಯಾರು ನಂಬುತ್ತಾರೆ? ಅವಳು ಏನೂ ಕೇಳದೆ ಹಿಟ್ಟು ತೆಗೆದುಕೊಟ್ಟಳು. ಚಾಕು ಮೇಜಿನ ಮೇಲೇ ಇತ್ತು. ಅವಳು ಅತ್ತ ತಿರುಗಿದಾಗ ಅದನ್ನು ಎತ್ತಿಕೊಂಡು, ಏಪ್ರನ್ ಜೇಬಿನಿಂದ ನನ್ನದನ್ನೂ ತೆಗೆದು, ಕಿಟಕಿಯ ಬೆಳಕಿಗೆ ಎರಡನ್ನೂ ಹಿಡಿದೆ.

ನನ್ನ ಚಾಕುವಿನಲ್ಲಿ ಕಾಳುಗಳು ಬಲಕ್ಕೆ ವಾಲಿವೆ. ಅವಳದರಲ್ಲಿ ಎಡಕ್ಕೆ. ಕೆತ್ತಿದ ಉಳಿ ಎಡಗೈಯಿಂದ ಬಂದಿದೆ.

ನನ್ನ ಬುದ್ಧಿ ಹೇಗೆ ಓಡಿತು ಕೇಳಿ. ಗುರುತು ಮರೆಸಲಿಕ್ಕೆ ನೀವು ಬೇಕೆಂದೇ ಎಡಗೈಯಲ್ಲಿ ಕೆತ್ತಿದ್ದೀರಿ ಎಂದುಕೊಂಡೆ! ಆಮೇಲೆ ಯೋಚಿಸಿದೆ: ಎಡಗೈಯಲ್ಲಿ ಚಮಚ ಹಿಡಿದರೂ ಸೂಪು ಚೆಲ್ಲಿಕೊಳ್ಳುವವರು ನೀವು.

“ಅಕ್ಕಾ,” ಎಂದು ಹಿಂದಿನಿಂದ ಸಿದೋರಾ ಕರೆದಳು. “ನಾಲ್ಕು ವರ್ಷದಿಂದ ನೀನು ನನ್ನ ಹತ್ರ ಮಾತು ಬಿಟ್ಟಿದ್ದು ಈ ಚಾಕುಗಾ?”

ಅವಳು ನನ್ನ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಎಲ್ಲ ಅರ್ಥವಾಯಿತು. ಮೊದಲು ನಕ್ಕಳು, ಆಮೇಲೆ ಕುರ್ಚಿಯ ಮೇಲೆ ಕುಸಿದಳು.

“ಅಯ್ಯೋ ದೇವ್ರೇ. ನನ್ನ ಗಂಡ ಸತ್ತು ಆಗಿನ್ನೂ ವರ್ಷ ತುಂಬಿರಲಿಲ್ಲ ಅಕ್ಕಾ. ನನ್ನ ಬಗ್ಗೆ ಹಿಂಗೆ ಅಂದ್ಕೊಂಡ್ಯಾ? ಗವೀನಣ್ಣ ಊರು ಬಿಟ್ಟಿದ್ದೂ ಇದಕ್ಕೇನಾ? ನಾನು ಒಂದು ಮಾತು ಕೊಟ್ಟಿದ್ದೆ, ಇಷ್ಟು ದಿನ ಬಾಯಿ ಬಿಡಲಿಲ್ಲ. ಇನ್ನು ನನ್ನ ಕೈಲಾಗಲ್ಲ. ಹೋಗು, ಹಿತ್ತಲಿನ ಕುರಿಕೊಟ್ಟಿಗೆಗೆ ಹೋಗಿ ನೋಡು.”

ಆಗ ಕೇಳಿಸಿತು, ಸುತ್ತಿಗೆಯ ಸದ್ದು. ನಿಮ್ಮದಲ್ಲ. ನೀವು ಎರಡು ಹೊಡೆದು ಒಂದು ಬಿಡುವವರು. ಇದು ಒಂದೇ ಸಮ, ಅವಸರದ ಪೆಟ್ಟು.

ಕೊಟ್ಟಿಗೆಯ ಬಾಗಿಲು ತಳ್ಳಿದೆ. ನಮ್ಮ ಚಿಕ್ಕ ತಿದಿ ಅಲ್ಲಿತ್ತು. ಕಬ್ಬಿಣ ಬಡಿಯುವ ಅಡೆಗಲ್ಲಿನ ಮುಂದೆ ಜುವಾನ್ನಾ ನಿಂತಿದ್ದಳು. ಹೊಲಿಗೆ ಕಲಿಯಲು ಹೋಗುತ್ತೇನೆಂದು ದಿನಾ ನನಗೆ ಹೇಳಿ ಹೊರಡುವ ಜುವಾನ್ನಾ. ಅಂಗಿಯ ತೋಳು ಮಡಚಿದ್ದಳು, ಮುಖದ ತುಂಬ ಮಸಿ, ಎಡಗೈಯಲ್ಲಿ ಸುತ್ತಿಗೆ. ಶಾಲೆಯಲ್ಲಿ ಸನ್ಯಾಸಿನಿಯರು ಎಡಚತನ ಬಿಡಿಸಲೆಂದು ಕರವಸ್ತ್ರದಿಂದ ಬೆನ್ನಿಗೆ ಕಟ್ಟಿಹಾಕುತ್ತಿದ್ದ ಅದೇ ಎಡಗೈ. ಮೊಣಕೈವರೆಗೂ ಕಿಡಿ ಹಾರಿದ ಸಣ್ಣ ಸಣ್ಣ ಕಲೆಗಳು. ಬೇಸಿಗೆಯಲ್ಲೂ ಇವಳು ಉದ್ದ ತೋಳಿನ ಅಂಗಿ ಯಾಕೆ ತೊಡುತ್ತಾಳೆ, ಯಾವನು ಏನು ಕೊಟ್ಟಿದ್ದಾನೆ, ಏನು ಮುಚ್ಚಿಡುತ್ತಿದ್ದಾಳೆ ಎಂದು ಎರಡು ವರ್ಷದಿಂದ ಅವಳ ಪೆಟ್ಟಿಗೆ ಶೋಧಿಸುತ್ತಿದ್ದೆ ನಾನು.

“ಅಮ್ಮಾ, ಹೊಡಿಯೋದಿದ್ರೆ ಹೊಡಿ. ಇದು ಮಾತ್ರ ಆರೋಕೆ ಬಿಡಬೇಡ. ಕಬ್ಬಿಣ ಕಾದಿದೆ” ಎಂದಳು.

ಅವಳು ಹನ್ನೊಂದು ವರ್ಷದವಳಿದ್ದಾಗ ಲಂಗದ ಮೇಲೆ ಮಸಿ ಕಂಡು, ನಿಮ್ಮ ಕುಲುಮೆಗೆ ಕೊಡಗಟ್ಟಲೆ ನೀರು ಸುರಿದವಳು ನಾನು. ನಮ್ಮಪ್ಪನ ಕುಲುಮೆಯಲ್ಲಿ ನಮ್ಮಣ್ಣನ ಕಣ್ಣು ಹೋದದ್ದನ್ನು ಹತ್ತಿರದಿಂದ ನೋಡಿದ್ದೆ. ಈ ಹುಡುಗಿಯನ್ನು ಇನ್ನೆಂದೂ ಒಳಗೆ ಬಿಡುವುದಿಲ್ಲ ಎಂದು ನಿಮ್ಮಿಂದ ಅವತ್ತು ಆಣೆ ಹಾಕಿಸಿಕೊಂಡೆ. ನನ್ನ ಕಣ್ಣು ತಪ್ಪಿಸಿ ಅವಳಿಗೆ ಕಲಿಸಿ ಆ ಆಣೆ ಮುರಿದದ್ದನ್ನು ಹೇಳಲಾರದೆ ನೀವು ಬಾಯಿ ಮುಚ್ಚಿಕೊಂಡಿರಿ. ಈಗ ತಿಳಿಯಿತು.

ನಾನು ಹೊಡೆಯಲಿಲ್ಲ. ಬಾಗಿಲ ಬಳಿ ನಿಂತೆ. ಅವಳು ಆ ತುಂಡನ್ನು ಬಡಿದು ಮುಗಿಸಿ, ಬದಿಗಿಟ್ಟು, ಹಣೆ ಒರೆಸಿಕೊಂಡಳು.

“ಸಿದೋರಾ ಹತ್ರ ಇರೋದು ನೀನು ಮಾಡಿದ್ದಾ?”

“ಹೂಂ. ನನ್ನ ಮೊದಲನೇದು, ನೀನಿಲ್ಲದಾಗ ಅಪ್ಪನ ಕುಲುಮೇಲಿ ಮಾಡಿದ್ದು. ಹುಡುಗಿ ಮಾಡಿದ ಚಾಕು ಯಾರು ತಗೋತಾರೆ ಅಂತ ಇಲ್ಲಿ ಬಂದು ಕೂತು ಅಳ್ತಿದ್ದೆ. ಸಿದೋರತ್ತೆ ಬಂದು, ನಂಗೆ ಕೊಡು, ಕೊಯ್ಯದಿದ್ರೆ ಬೆಣ್ಣೆ ಸವರೋಕಾದ್ರೂ ಆಗುತ್ತೆ ಅಂದ್ರು. ಅದು ಇಷ್ಟು ಚೆನ್ನಾಗಿ ಬಂದಿದೆ ಅಂತ ನಂಗೂ ಗೊತ್ತಿರಲಿಲ್ಲ.”

“ಮೂರು ಕಾಳು ಯಾಕೆ ಕೆತ್ತಿದೆ?”

ಇದೇನು ಪ್ರಶ್ನೆ ಎನ್ನುವ ಹಾಗೆ ನನ್ನನ್ನು ನೋಡಿದಳು. “ನಿನ್ನದನ್ನ ನೋಡ್ಕೊಂಡು ಮಾಡಿದೆ. ಚಿಕ್ಕವಳಿದ್ದಾಗಿಂದ ನಾನು ದಿನಾ ನೋಡಿದ್ದು ಅದೊಂದೇ ಚಾಕು ಅಲ್ವಾ, ನಿನ್ನ ಏಪ್ರನ್ ಜೇಬಲ್ಲಿರೋದು. ಚಾಕು ಅಂದ್ರೆ ಹಂಗೇ ಇರಬೇಕು ಅಂದ್ಕೊಂಡಿದ್ದೆ.”

ಅಲ್ಲಿಯೇ ಹುಲ್ಲಿನ ಕಂತೆಯ ಮೇಲೆ ಕೂತೆ. ನೀವು ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಅದು ನೀವು ಮಾಡಿದ ಚಾಕು ಅಲ್ಲ. ನೀವು ಮನೆ ಬಿಟ್ಟ ಕಾರಣವನ್ನು ಅವಳಿಗೆ ಅಲ್ಲೇ ಹೇಳಿದೆ, ಎಲ್ಲವನ್ನೂ. ಅವಳು ಬಿಳುಚಿಕೊಂಡಳು.

“ನನ್ನಿಂದಾನಾ ಅಪ್ಪ ಹೋಗಿದ್ದು? ಅದಕ್ಕೇನಾ ನನಗೆ ಒಂದೇ ಒಂದು ಕಾಗದ ಹಾಕಲಿಲ್ಲ? ಮರೆತೇಬಿಟ್ಟರು ಅಂದ್ಕೊಂಡಿದ್ದೆ.”

ತಿದಿಯ ಚರ್ಮ ಒಂದು ಕಡೆ ಬಿರಿದಿದೆ, ಎಣ್ಣೆ ಹಚ್ಚಬೇಕು ಎಂದೆ.

ಮರುದಿನವೇ ಕುಲುಮೆಯ ಬೀಗ ತೆಗೆದುಕೊಟ್ಟೆ. ಬಾಕಿಸ್ ಮಾವನಿಗೆ ಒಂದು ಚಾಕು ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದಾಳೆ. “ಹುಡುಗಿ ಮಾಡಿದ್ದಾ? ಇನ್ನೊಂದು ಬೆರಳು ಉಳಿದಿದೆ ಬಿಡು” ಎಂದು ಅವರು ನಗಾಡಿದರು. ಆದರೂ ದಿನಾ ಬಂದು ಎಷ್ಟಾಯಿತು ಎಂದು ಕೇಳಿಹೋಗುತ್ತಾರೆ. ಅಲಗಿನ ಹದ ಅವಳ ಕೈಗೆ ತಾನಾಗಿ ಬರುತ್ತದೆ. ಹಿಡಿಯ ಡೊಂಕು ಮಾತ್ರ ಇನ್ನೂ ಹೋಗಿಲ್ಲ. ಕೊಂಬನ್ನು ನೇರ ಮಾಡುವ ಕೆಲಸ ಹೇಳಿಕೊಡುವವರು ಇಲ್ಲಿ ಯಾರೂ ಇಲ್ಲ. ಬೇರೆಯವರ ಹತ್ತಿರ ಕಲಿಯಲು ಬಿಡೋಣವೆಂದರೆ ನನಗೆ ಅವರ ಮೇಲೆ ನಂಬಿಕೆ ಇಲ್ಲ. ನಿಮಗೆ ಗೊತ್ತಲ್ಲ ನನ್ನ ಬುದ್ಧಿ.

ತಪ್ಪಾಯಿತು ಎಂದು ಬರೆಯಲು ಇದು ನಾಲ್ಕನೆಯ ಸಲ ಲೇಖನಿ ಅದ್ದುತ್ತಿರುವುದು. ತಪ್ಪಾಯಿತು. ಬಿಳಿಯ ಅಂಗಿಗಳನ್ನು ಗಂಟಿನಲ್ಲಿ ಕಟ್ಟಿರಲಿಲ್ಲ, ಅವು ಇಲ್ಲೇ ಇವೆ. ವರ್ಷಕ್ಕೆರಡು ಬಾರಿ ಒಗೆದು ಬಿಸಿಲಿಗೆ ಹಾಕಿದ್ದೇನೆ. ಯಾಕೆ ಎಂದು ಕೇಳಬೇಡಿ.

ನಿಮ್ಮ ಮನೆಯ ಕೀಲಿ ಕಾಯುತ್ತಿರುವ,
ಬೊನಾರಿಯಾ

ತಾ.ಕ.: ಇವತ್ತು ಹದಿನಾಲ್ಕನೆಯ ತಾರೀಕು. ಪತ್ರ ಮಡಚಿ ಎರಡು ದಿನ ಆಯಿತು, ಅಂಚೆಗೆ ಹಾಕಲು ಕೈ ಬರಲಿಲ್ಲ. ಒಂದು ವಿಷಯ ಮುಚ್ಚಿಟ್ಟಿದ್ದೆ. ನೀವು ಜುವಾನ್ನಾಳಿಗೆ ಬರೆದ ಏಳೂ ಪತ್ರಗಳು ಬಂದಿದ್ದವು. ಅಂಚೆಯವನು ನನ್ನ ಕೈಗೇ ಕೊಟ್ಟ. ಅವಳಿಗೆ ಕೊಡಲಿಲ್ಲ. ಒಲೆಗೂ ಹಾಕಲಿಲ್ಲ. ಒಡೆಯಲೂ ಇಲ್ಲ, ಒಳಗೆ ಸಿದೋರಾಳ ಹೆಸರು ಇರುತ್ತದೆಂಬ ಹೆದರಿಕೆ. ನಿನ್ನೆ ಎಲ್ಲವನ್ನೂ ಅವಳ ಮಡಿಲಿಗೆ ಹಾಕಿದೆ. ಮೊದಲನೆಯದನ್ನು ಒಡೆದು ಗಟ್ಟಿಯಾಗಿ ಓದಿದಳು. ಅದರಲ್ಲಿ ನೀವು ಬರೆದಿದ್ದಿರಿ: ‘ಮಗಳೇ, ಗುಟ್ಟು ಕಾಯುವೆನೆಂದು ನಾನು ನಿನಗೆ ಕೊಟ್ಟ ಮಾತು ಇನ್ನು ಸಾಕು. ಸಿದೋರಾಳ ಚಾಕು ನೀನು ಮಾಡಿದ್ದೆಂದು ಅಮ್ಮನಿಗೆ ನೀನೇ ಹೇಳು. ನಾನು ಹೇಳಿದರೆ ನಂಬುವುದಿಲ್ಲ, ನೀನು ಹೇಳಿದರೆ ನಂಬುತ್ತಾಳೆ. ನೀನು ಬರೆದ ದಿನವೇ ಹಡಗು ಹತ್ತುತ್ತೇನೆ.’ ಮೇಲೆ ತಾರೀಕು ಇತ್ತು: ನೀವು ಹೋದ ಒಂಬತ್ತನೆಯ ದಿನ. ಅವಳು ಕಾಗದ ಮಡಚಿ ಕೇಳಿದಳು: “ಊರಲ್ಲಿರೋರ ಮೇಲೆಲ್ಲ ಅನುಮಾನ ಪಡ್ತೀಯಲ್ಲಮ್ಮಾ, ಇದೊಂದನ್ನ ಒಡೆದು ನೋಡಬಾರದಿತ್ತಾ?” ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಅವಳ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದ್ದರೆ ಬರೆಯಬೇಡಿ, ಬಂದು ಹೇಳಿ.