ಲೆಂಪಿ ಆರಿಸಿದ ಎರಡು ವಾರ

ಡುಲೂತ್, ಏಪ್ರಿಲ್ 27, ಸೋಮವಾರ

ಪ್ರೀತಿಯ ಅಮ್ಮಾ,

ನಿನ್ನ ಸೊಂಟ ನೋವು ಹೇಗಿದೆ? ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಅಡುಗೆ ಮಾಡುವವಳು ಹಿಟ್ಟಿನ ಮೂಟೆಯನ್ನೂ ತಾನೇ ಎತ್ತಬೇಕೆಂದೇನಿಲ್ಲ. ಅಜ್ಜ ಚೆನ್ನಾಗಿದ್ದಾರೆ, ಬಿಪಿ ಮಾತ್ರೆಯನ್ನು ಬೈದುಕೊಂಡೇ ನುಂಗುತ್ತಾರೆ. ನಾನು ಟೈರ್ ಅಂಗಡಿಯ ಕೆಲಸವನ್ನೂ ಬಿಟ್ಟೆ. ಅವರೇ ತೆಗೆದುಹಾಕಿದರೆಂದು ಅಜ್ಜ ಹೇಳಿರಬಹುದು. ಇಲ್ಲ, ಕೂತಲ್ಲಿ ಕೂರಲಾಗದೆ ನಾನೇ ಬಿಟ್ಟೆ. ಈಗ ಮೀನು ಹೊಗೆಯಾಡಿಸುವ ಕಡೆ ಇದ್ದೇನೆ. ಎಷ್ಟು ತಲೆ ತೊಳೆದರೂ ವಾಸನೆ ಹೋಗದೆ ಲೆಂಪಿ ಪಕ್ಕದಲ್ಲಿ ಕೂರುವುದಿಲ್ಲ.

ಅವಳ ವಿಷಯಕ್ಕೇ ಬರುತ್ತೇನೆ. ಹೋದ ಸಲ ಫೋನಿನಲ್ಲಿ ನೀನು, "ಆ ಬೇಸಿಗೆ ಶಿಬಿರ ಯಾವುದು ಅಂತ ನೀನೇ ನೋಡ್ಕೊಳ್ಳೇ ಸೈಮಾ, ನೀರಿನ ಮಧ್ಯ ಕೂತು ನಂಗೇನೂ ತಿಳಿಯಲ್ಲ" ಅಂದೆ. ಹನ್ನೊಂದನೇ ತರಗತಿಗೇ ಶಾಲೆ ಬಿಟ್ಟ ನಾನು, ಹದಿನೈದರ ತಂಗಿಗೆ ವಿಶ್ವವಿದ್ಯಾಲಯದ ಶಿಬಿರ ಆರಿಸುವುದು! ಗೇಮ್ ವಿನ್ಯಾಸ ಕಲಿಸುವ ಶಿಬಿರಗಳ ಪುಟಗಳನ್ನೆಲ್ಲ ಓದಿದೆ. ಎಲ್ಲದರಲ್ಲೂ ಅದೇ ನಗುಮುಖದ ಮಕ್ಕಳು, ಅದೇ ದೊಡ್ಡ ಪರದೆಗಳು. ಕೊನೆಗೆ ಎರಡು ಉಳಿದವು. ಎರಡರಲ್ಲೂ ಲೆಂಪಿಗೆ ಸೀಟು ಸಿಕ್ಕಿದೆ. ಮೇ ಎಂಟರ ಶುಕ್ರವಾರದೊಳಗೆ ಒಂದಕ್ಕೆ ಒಪ್ಪಿಗೆ ತಿಳಿಸಬೇಕು, ಇನ್ನೊಂದು ಕೈಬಿಟ್ಟುಹೋಗುತ್ತದೆ.

ಒಂದು ನಮ್ಮೂರಿನದೇ, ಜೂನ್‌ನಲ್ಲಿ ಎರಡು ವಾರ. ನೋಡಲು ಇಬ್ಬರೂ ಹೋಗಿದ್ದೆವು. ಆಗಲೇ ಯಾರೋ ಮಾಡಿಟ್ಟ ಆಟದಲ್ಲಿ ಮಕ್ಕಳು ಬಣ್ಣ ಬದಲಿಸುತ್ತಾರೆ, ರಾಕ್ಷಸನಿಗೆ ಇನ್ನೊಂದು ತಲೆ ಅಂಟಿಸುತ್ತಾರೆ. ಲೆಂಪಿ ಎರಡು ಸಲ ಆಕಳಿಸಿದಳು. ಅವರು ಕೊಟ್ಟ ಟಿ-ಶರ್ಟನ್ನು ಅಜ್ಜ ಹಾಕಿಕೊಂಡು ತಿರುಗುತ್ತಿದ್ದಾರೆ.

ಇನ್ನೊಂದು ಪಿಟ್ಸ್‌ಬರ್ಗ್‌ನಲ್ಲಿ, ನಾಲ್ಕು ವಾರ, ಅಲ್ಲೇ ವಾಸ. ಮೊದಲ ಹದಿನೈದು ದಿನ ಕಂಪ್ಯೂಟರನ್ನೇ ಮುಟ್ಟಿಸುವುದಿಲ್ಲವಂತೆ, ಬರೀ ಕಾಗದ, ದಾಳ. ಸಂದರ್ಶನದ ದಿನ ಲೆಂಪಿ ಮಾಡಿದ ಆಟವನ್ನು ಮನೆಯ ಇಬ್ಬರು, ಅಜ್ಜ ಮತ್ತು ನಾನು, ಕ್ಯಾಮೆರಾ ಮುಂದೆ ಆಡಬೇಕಿತ್ತು. ಅವರ ಕಟ್ಟಳೆ ಒಂದೇ: ಆಟ ಮಾಡಿದವರು ಬಾಯಿ ಬಿಡಬಾರದು. ಆಟವೆಂದರೆ, ಮಂಜಿನಲ್ಲಿ ಎರಡು ಹಡಗುಗಳು. ನಡುವೆ ರಟ್ಟು, ಒಬ್ಬರಿಗೊಬ್ಬರು ಕಾಣಿಸುವುದಿಲ್ಲ, ಮೇಜು ಬಡಿದೇ ದಾರಿ ತಿಳಿಸಬೇಕು. ಒಂದು ಬಡಿತವೆಂದರೆ ನಿಲ್ಲು ಎಂದು ಲೆಂಪಿ ಬರೆದಿದ್ದಳು. ಮೂವತ್ತು ವರ್ಷ ಹಡಗಿನಲ್ಲಿ ದುಡಿದ ಅಜ್ಜ ನಿಯಮದ ಚೀಟಿಯನ್ನು ಓದುತ್ತಾರೆಯೇ? ಹಡಗಿನ ಸೀಟಿಯ ಲೆಕ್ಕದಲ್ಲಿ, ಒಂದು ಸದ್ದು ಕೇಳಿದರೆ ಅವರಿಗೆ ಎದುರಿನವನು ಪಕ್ಕಕ್ಕೆ ಸರಿಯುತ್ತಿದ್ದಾನೆಂದೇ ಅರ್ಥ. ನಾನು ಬಡಿದಷ್ಟೂ ಅವರು ಮುಂದೆ ಬಂದರು, ನೇರವಾಗಿ ನನ್ನ ಮೇಲೆ. "ಏನೇ ಹುಡುಗಿ, ಬಾಯಿಬಿಟ್ಟು ಹೇಳ್ಬಾರ್ದೇನೇ?" ಎಂದು ಲೆಂಪಿಯ ಮೇಲೆ ರೇಗಿದರು. ಲೆಂಪಿ ಕಾಲರ್ ಕಚ್ಚಿಕೊಂಡು ಕೂತಿದ್ದಳು, ಕಣ್ಣಲ್ಲಿ ನೀರು. ಏನು ಕಂಡೆ ಎಂದು ಆಮೇಲೆ ಶಿಬಿರದ ಮೇಷ್ಟರು ಅವಳನ್ನು ಕೇಳಿದರು. "ಅಜ್ಜ ತಪ್ಪು ಆಡ್ಲಿಲ್ಲ. ನನ್ನ ನಿಯಮಾನೇ ತಪ್ಪು" ಅಂದಳು. ವಾರದೊಳಗೆ ಸೀಟು ಕೊಟ್ಟು ಶುಲ್ಕವನ್ನೂ ಪೂರ್ತಿ ಮನ್ನಾ ಮಾಡಿದರು. ಅವತ್ತು ಅವಳು ಅಡುಗೆಮನೆಯಲ್ಲಿ ಕುಣಿದದ್ದನ್ನು ನೀನು ನೋಡಬೇಕಿತ್ತು.

ಆದರೆ ಗುರುವಾರ ಬಂದು, ನಮ್ಮೂರಿನದೇ ಸಾಕು ಅಂದಳು. ದೂರ ಅಂದಳು, ಗುರುತಿಲ್ಲದವಳ ಜೊತೆ ಒಂದೇ ಕೋಣೆ ಅಂದಳು, ಊಟ ಸೇರುವುದಿಲ್ಲ ಅಂದಳು. ಗದರಿದೆ, ಗೋಗರೆದೆ, ಅವಳ ಇಡೀ ವಾರದ ಪಾತ್ರೆ ತೊಳೆಯುತ್ತೇನೆ ಅಂದೆ. "ಶಾಲೆ ಬಿಟ್ಟೋಳು ನಂಗೆ ಹೇಳೋಕ್ಕೆ ಬರ್ತೀಯಾ? ಮೊದ್ಲು ನೀನೆಲ್ಲಾದ್ರೂ ಒಂದು ಕಡೆ ನಿಂತ್ಕೋ" ಅಂದಳು. ಅವಳು ಹೇಳಿದ್ದು ನಿಜ ಅಮ್ಮಾ. ಅಜ್ಜನನ್ನು ಕೇಳಿದರೆ, ಮಗು ಮನೆಯಲ್ಲಿದ್ದರೆ ಒಳ್ಳೆಯದೇ ಅಲ್ಲವಾ ಎನ್ನುತ್ತಾರೆ. ಹಾಗಾಗಿ ಸದ್ಯಕ್ಕೆ ನಮ್ಮೂರಿನದೇ ಎಂದು ತಿಳಿದುಕೋ. ಒಪ್ಪಿಗೆ ಇನ್ನೂ ಕಳಿಸಿಲ್ಲ. ಕಳಿಸಲು ಕೈ ಬರುತ್ತಿಲ್ಲ.

ಅಜ್ಜ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಹೊಸ ಕ್ಯಾಪ್ಟನ್ ಕಾಫಿಗೆ ಹೆಸರಿಟ್ಟರೆ ಅವನೇ ಕಾಸಿಕೊಳ್ಳಲಂತೆ. ಬೆಚ್ಚಗಿರು.

ನಿನ್ನ ದೊಡ್ಡ ಮಗಳು,
ಸೈಮಾ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಪಿಟ್ಸ್‌ಬರ್ಗ್‌ನ ನಾಲ್ಕು ವಾರ ಜುಲೈ ಐದರಿಂದ ಆಗಸ್ಟ್ ಒಂದರವರೆಗೆ, ಅಂದರೆ ನಿನ್ನ ರಜೆ ಪೂರ್ತಿ. ಅದೇ ಕಾರಣ, ಊಟವೂ ಅಲ್ಲ, ಕೋಣೆಯೂ ಅಲ್ಲ. ಗುರುವಾರವೇ ಬಾಯಿಬಿಡಿಸಿದೆ. "ಗೊತ್ತಾದ್ರೆ ಅಮ್ಮ ರಜೆ ಮುಂದಕ್ಕೆ ಹಾಕ್ತಾಳೆ, ಆಮೇಲೆ ಅಕ್ಟೋಬರ್‌ವರ್ಗೂ ಮನೆಗೆ ಬರಲ್ಲ. ಹೇಳಲ್ಲ ಅಂತ ಆಣೆ ಮಾಡು" ಅಂದಳು. ಆಣೆ ಮಾಡಿದೆ, ಈಗ ಮುರಿಯುತ್ತಿದ್ದೇನೆ. ರಜೆ ಬದಲಿಸು ಅನ್ನಲೋ, ಬದಲಿಸದೆ ಅವಳಿಗೆ ಹೋಗು ಅಂತ ನೀನೇ ಹೇಳು ಅನ್ನಲೋ, ನನಗೆ ಗೊತ್ತಾಗುತ್ತಿಲ್ಲ. ಡೆಟ್ರಾಯ್ಟ್ ದಾಟುವಾಗ ಅಂಚೆ ದೋಣಿಯವರು ಇದನ್ನು ನಿಮ್ಮ ಹಡಗಿಗೆ ತಲುಪಿಸಿದರೆ ಮೇ ಎಂಟರ ಶುಕ್ರವಾರಕ್ಕೆ ಮೊದಲು ಅವಳಿಗೆ ಫೋನ್ ಮಾಡು. ಗುರುವಾರವೇ ಬರೆಯಬಹುದಿತ್ತು. ನಾಲ್ಕು ದಿನ ಸುಮ್ಮನಿದ್ದೆ. ಜುಲೈನಲ್ಲಿ ನೀನು ಮನೆಯಲ್ಲಿರುವುದು ನನಗೂ ಬೇಕಾಗಿತ್ತು.