ಮೂರು ಫಿಂಜಾನ್ ತೊಳೆಯಲು ಹೋದ ಅಪರಾಧಕ್ಕೆ

ಮಾನ್ಯ ಸಂಗ್ರಹಾಲಯ ಅಧಿಕಾರಿಗಳೇ,

ಎಪ್ಪತ್ತೆರಡು ವರ್ಷದ ನನ್ನ ತಾಯಿ ಮಾರ್ಗರೆಟ್ ಇನ್ನು ಮುಂದೆ ನಿಮ್ಮ ಸಂಗ್ರಹಾಲಯಕ್ಕೆ ಕಾಲಿಡಕೂಡದು ಎಂದು ನೀವು ಆದೇಶ ಹೊರಡಿಸಿದ್ದೀರಿ. ಅಪರಾಧ, ಪ್ರದರ್ಶನಕ್ಕಿಟ್ಟ ಮೂರು ಕಾಫಿ ಬಟ್ಟಲುಗಳನ್ನು ಜಾಗದಿಂದ ಎತ್ತಿದ್ದು. ಎತ್ತಿದ್ದು ನಿಜ. ಕದಿಯಲಿಕ್ಕಲ್ಲ, ತೊಳೆಯಲಿಕ್ಕೆ. ನೀವು ಈಗ ಟಿಕೆಟ್ ಹರಿದು ತೋರಿಸುತ್ತಿರುವ ಆ ಮನೆಯಲ್ಲಿ ಇಪ್ಪತ್ತೊಂದು ವರ್ಷ ಅವರು ಮಾಡಿದ್ದು ಅದೇ ಕೆಲಸವನ್ನು.

ನಿಮಗೆ ಕನ್ನಡ ಬಾರದು, ಗೊತ್ತು. ಇಂಗ್ಲಿಷಿನಲ್ಲಿ ನಾಲ್ಕು ಮೇಲ್ ಕಳಿಸಿದೆ, ಅರಬ್ಬಿ ಬಲ್ಲವರಿಂದ ಒಂದು ಬರೆಸಿದೆ. ಐದಕ್ಕೂ ಒಂದೇ ಉತ್ತರ: 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ದಕ್ಕಿದ್ದು ಇಷ್ಟೇ ಆದಮೇಲೆ ಅರ್ಥವಾಗದ ಭಾಷೆಯಲ್ಲಿ ಬರೆದರೆ ಕಳೆದುಕೊಳ್ಳುವುದೇನಿದೆ? ನನ್ನ ಮನೆಮಾತು ಕೊಂಕಣಿ. ಆದರೆ ಸಿಟ್ಟನ್ನು ಬರೆಯಲು ಕಲಿತದ್ದು ಕಿನ್ನಿಗೋಳಿಯ ಕನ್ನಡ ಶಾಲೆಯಲ್ಲಿ. ಇಲ್ಲಿ ದುಬೈಯ ಕನ್ನಡಿಗರ ಸ್ಮರಣ ಸಂಚಿಕೆಯಲ್ಲಿ ಇದು ಅಚ್ಚಾಗುತ್ತದೆ. ನೀವು ಓದದಿದ್ದರೂ ಓದುವವರು ನಾಲ್ಕು ಜನ ಇದ್ದಾರೆ.

ನೈಫ್ ಪೇಟೆಯ ಹಿಂದಿನ ಓಣಿಯಲ್ಲಿರುವ ಆ ಮನೆ ಒಬ್ಬ ಹೆಸರಾಂತ ಊದ್ ವಾದಕರದು. ಊದ್ ಎಂದರೆ ಇಲ್ಲಿ ಧೂಪವೂ ಹೌದು. ನಾನು ಹೇಳುತ್ತಿರುವುದು ಗುಂಡು ಹೊಟ್ಟೆಯ, ಗಿಡ್ಡ ಕತ್ತಿನ ತಂತಿವಾದ್ಯದ ಮಾತು. ಅಪ್ಪ ತೀರಿಕೊಂಡ ವರ್ಷ ಅಮ್ಮ ಆ ಮನೆಗೆ ಕೆಲಸಕ್ಕೆ ಬಂದರು. ನನಗಾಗ ಐದು ವರ್ಷ. ನನ್ನನ್ನು ಸಾಕಿದ್ದು ಅಜ್ಜಿ. ಅಮ್ಮನ ಪತ್ರಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಹೋಮ್‌ವರ್ಕ್ ಮಾಡು, ಅಜ್ಜಿಗೆ ಎದುರುತ್ತರ ಕೊಡಬೇಡ ಎಂಬ ದನಿಯ ಹಿಂದೆ ಯಾವಾಗಲೂ ಆ ವಾದ್ಯ. ಅದನ್ನು ಕೇಳಲು ಜನ ದೇಶದೇಶಗಳಿಂದ ಬರುತ್ತಿದ್ದರಂತೆ. ನನಗೆ ಪುಕ್ಕಟೆ ಸಿಗುತ್ತಿತ್ತು, ಕೇಳಿದರೆ ಮೈ ಉರಿಯುತ್ತಿತ್ತು. ನನ್ನ ತಾಯಿ ಯಾರ ಮನೆಯಲ್ಲಿದ್ದಾಳೆ ಎಂಬುದಕ್ಕೆ ಗುರುತಾಗಿ ಬಾಲ್ಯದುದ್ದಕ್ಕೂ ನನ್ನ ಬಳಿ ಇದ್ದದ್ದು ಆ ಸದ್ದು ಮಾತ್ರ.

ಈಗ ಅಮ್ಮನಿಗೆ ಗ್ಲಾಕೋಮ. ಒಂದು ಕಣ್ಣು ಹೋಗಿದೆ, ಇನ್ನೊಂದು ಬರುವ ವರ್ಷದ ತನಕ ಉಳಿದರೆ ಪುಣ್ಯ ಎಂದು ಡಾಕ್ಟರ್ ಹೇಳಿದ್ದಾರೆ. ವಿಸಿಟ್ ವೀಸಾದಲ್ಲಿ ಅಲ್ ನಹ್ದಾದ ನನ್ನ ಫ್ಲ್ಯಾಟಿಗೆ ಬಂದವರು ಕೇಳಿದ್ದು ಒಂದೇ: "ಕಣ್ಣು ಪೂರ್ತಿ ಹೋಗುವ ಮೊದಲು ಬಾಬಾನ ಮನೆ ಒಮ್ಮೆ ನೋಡಬೇಕು." ಕೆಲಸದವರು ಯಜಮಾನರನ್ನು ಇಲ್ಲಿ ಬಾಬಾ ಎಂದೇ ಕರೆಯುವುದು. ನನಗೂ ನೋಡಬೇಕಿತ್ತು. ನನ್ನ ಜೊತೆ ಇಲ್ಲದ ಇಪ್ಪತ್ತೊಂದು ವರ್ಷ ಅಮ್ಮ ಎಲ್ಲಿದ್ದರು ಎಂದು ನೋಡುವ ಆಸೆ ನಲವತ್ಮೂರನೇ ವಯಸ್ಸಿನಲ್ಲೂ ಇರುತ್ತದೆ, ಮಾನ್ಯರೇ.

ಕಳೆದ ತಿಂಗಳು ಹೋದೆವು. ಬಾಗಿಲಲ್ಲಿದ್ದ ಕಾವಲಿನ ಶಮೀರ್ ನಮ್ಮ ಮಾತು ಕೇಳಿ "ಊರಲ್ಲಿ ಎಲ್ಲಿ ಆಯ್ತು?" ಎಂದು ವಿಚಾರಿಸಿದರು. ಅವರು ವಿಟ್ಲದ ಕಡೆಯವರು. ಎಲ್ಲರೂ ಶೂ ಹಾಕಿಕೊಂಡೇ ಒಳಗೆ ನಡೆಯುತ್ತಿದ್ದರೆ ಅಮ್ಮ ಮಾತ್ರ ಚಪ್ಪಲಿ ಬಿಟ್ಟರು. ಗೋಡೆಯ ಫಲಕದಲ್ಲಿ ನೀವು ಹೆಮ್ಮೆಯಿಂದ ಬರೆಸಿದ್ದೀರಿ, ಇಲ್ಲಿ ಎಲ್ಲವೂ ಕಲಾವಿದರಿದ್ದಾಗ ಇದ್ದ ಹಾಗೆಯೇ ಇದೆ ಎಂದು. ಹೌದೇ? ಅತಿಥಿಗಳ ಕೋಣೆಯಲ್ಲಿ ಹಾಸಿನ ಮೇಲೆ ಊದ್ ಇಟ್ಟಿದ್ದೀರಿ. ಪಕ್ಕಕ್ಕೇ ಮೂರು ಫಿಂಜಾನ್, ಅಂದರೆ ಆ ಹಿಡಿಯಿಲ್ಲದ ಪುಟ್ಟ ಕಾಫಿ ಬಟ್ಟಲು. ಆ ಮನೆಯಲ್ಲಿ ಹಾಗೆ ಒಂದು ದಿನವೂ ಇರಲಿಲ್ಲ. ಯಾರೋ ಅತಿಥಿಯ ಕೈ ತಪ್ಪಿ ಕಾಫಿ ವಾದ್ಯದೊಳಗೆ ಚೆಲ್ಲಿ ಮರ ಕೆಟ್ಟ ಮೇಲೆ ಆ ಕಲಾವಿದರು ಒಂದು ನಿಯಮ ಮಾಡಿದ್ದರು. ಊದ್ ಚೀಲದಿಂದ ಹೊರಗೆ ಬರುವ ಮೊದಲು ಬಟ್ಟಲುಗಳೆಲ್ಲ ಅಡುಗೆಮನೆ ಸೇರಬೇಕು. ಸೇರಿಸಬೇಕಾದವರು ನನ್ನ ಅಮ್ಮ. ಕುಡಿಯುತ್ತಿರುವವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಅವರ ಮುಂದೆ ಕೈ ಚಾಚಿ ಬಟ್ಟಲು ಕೇಳುವ ಅಧಿಕಾರ ಆ ಮನೆಯಲ್ಲಿ ಅಮ್ಮನಿಗೆ ಮಾತ್ರ ಇತ್ತು.

ಹಾಗಾಗಿ ಉಳಿದಷ್ಟು ಕಣ್ಣಿನಲ್ಲಿ ಊದ್ ಮತ್ತು ಬಟ್ಟಲು ಒಟ್ಟಿಗೆ ಕಂಡದ್ದೇ ತಡ, ಅವರು ನೀವು ಅಡ್ಡ ಕಟ್ಟಿದ ಹಗ್ಗದ ಕೆಳಗೆ ನುಸುಳಿದರು. ಮೂರನ್ನೂ ಒಂದರೊಳಗೊಂದು ಕೂರಿಸಿ ಒಂದೇ ಕೈಯಲ್ಲಿ ಹಿಡಿದು, ತಡವರಿಸದೆ, ಹಿಂಬಾಗಿಲಿನತ್ತ ನಡೆದರು. ನಾನು ತಡೆಯಲಿಲ್ಲ, ಅವರ ನಡಿಗೆಯನ್ನೇ ನೋಡುತ್ತ ನಿಂತುಬಿಟ್ಟೆ. ನನ್ನ ಮನೆಯಲ್ಲಿ ಗೋಡೆ ಹಿಡಿದು ನಡೆಯುವವರು ಅಲ್ಲಿ ಏನನ್ನೂ ಹಿಡಿಯಲಿಲ್ಲ. ಅಡುಗೆಮನೆಯನ್ನು ನೀವು ಕೀಚೈನ್ ಮಾರುವ ಅಂಗಡಿ ಮಾಡಿದ್ದೀರಿ. ಅಮ್ಮ ಅಂಗಡಿಯ ನಡುವೆ ನಿಂತು ನೀರಿನ ನಳ್ಳಿ ಹುಡುಕುತ್ತಿದ್ದರು.

ಶಮೀರ್ ಓಡಿ ಬಂದರು. "ಅಮ್ಮ, ಅದು ಮುಟ್ಟಲಿಕ್ಕಿಲ್ಲ. ಕೊಡಿ ಇಲ್ಲಿ. ಮೇಲೆ ಕ್ಯಾಮೆರಾ ಉಂಟು, ನನ್ನ ಕೆಲಸ ಹೋಗ್ತದೆ."

"ಊದ್ ಹೊರಗೆ ಉಂಟಲ್ಲ ಮಾರಾಯ. ಇದನ್ನು ಅಲ್ಲಿ ಇಟ್ಟದ್ದು ಯಾರು? ಬಾಬಾ ಬಂದರೆ ನಂಗೆ ಬೈತಾರೆ."

"ಬಾಬಾ ಇಲ್ಲ ಅಮ್ಮ. ತೀರಿ ಹೋಗಿ ಐದು ವರ್ಷ ಆಯ್ತು."

"ಅದು ಗೊತ್ತುಂಟು," ಎಂದರು ಅಮ್ಮ. ಬಟ್ಟಲು ಮಾತ್ರ ಕೊಡಲಿಲ್ಲ. ನಿಮ್ಮ ಮೇಲ್ವಿಚಾರಕಿ ಬಂದು ಬೆರಳು ಬಿಡಿಸಿ ತೆಗೆದುಕೊಂಡರು.

ವಾರದ ಮೇಲೆ ನಿಷೇಧದ ಆದೇಶ ಬಂತು, ಜೊತೆಗೊಂದು ಫಾರಂ. 'ಪರಂಪರೆಯ ವಸ್ತುಗಳನ್ನು ಅಸ್ತವ್ಯಸ್ತಗೊಳಿಸಿದ್ದೇನೆ, ಇದು ನನ್ನ ತಪ್ಪು' ಎಂದು ಸಹಿ ಮಾಡಿದರೆ ಇನ್ನೊಮ್ಮೆ ಬಿಡುವ ವಿಚಾರ ಪರಿಶೀಲಿಸುತ್ತೀರಂತೆ. ಅಸ್ತವ್ಯಸ್ತಗೊಳಿಸಿದವರು ಯಾರು ಸ್ವಾಮಿ? ಆ ಕೋಣೆಯನ್ನು ಇದ್ದ ಹಾಗೆ ಇಡಲು ಗೊತ್ತಿದ್ದವರು ಈ ಭೂಮಿಯ ಮೇಲೆ ಒಬ್ಬರು ಉಳಿದಿದ್ದರು. ಅವರನ್ನು ನೀವು ಹೊರಗೆ ಹಾಕಿದಿರಿ.

"ನಾನು ಕೆಲಸ ಮಾಡಿದ್ದು. ಅದು ತಪ್ಪು ಅಂತ ಹೇಗೆ ಬರೆದುಕೊಡುವುದು?" ಎಂದರು ಅಮ್ಮ. ಹತ್ತು ದಿನ ಸಹಿ ಹಾಕಲಿಲ್ಲ. ಹತ್ತು ದಿನವೂ ಪೀಡಿಸಿದವಳು ನಾನು. ಒಂದು ಕಾಗದ ಅಷ್ಟೇ ಮಮ್ಮಿ, ಈ ದೇಶದಲ್ಲಿ ಎಲ್ಲದಕ್ಕೂ ಒಂದು ಕಾಗದ ಉಂಟು, ಕೊಟ್ಟು ಖಲಾಸ್ ಮಾಡು ಎಂದೆ. ಹನ್ನೊಂದನೆಯ ದಿನ ಬೆಳಗ್ಗೆ ತಿಂಡಿ ಮುಟ್ಟದೆ ಕೂತಿದ್ದವರು ಕೈ ಚಾಚಿ ಪೆನ್ನು ಕೇಳಿದರು. "ಎಲ್ಲಿ ಅಂತ ಬೆರಳಿಟ್ಟು ತೋರಿಸು. ನಂಗೆ ಗೆರೆ ಕಾಣುವುದಿಲ್ಲ." ತೋರಿಸಿದೆ. ಹಾಕಿದರು. ಆಮೇಲೆ ಬಾಬಾನ ಹೆಸರು ಅವರ ಬಾಯಲ್ಲಿ ಬಂದಿಲ್ಲ.

ನಿನ್ನೆ ಆ ಫಾರಂಗೆ ನಿಮ್ಮ ಉತ್ತರ ಬಂತು. ಪರಿಶೀಲನೆಗೆ ಮೂವತ್ತು ಕೆಲಸದ ದಿನ ಬೇಕಂತೆ. ಅಮ್ಮನ ವೀಸಾ ಉಳಿದಿರುವುದು ಒಂಬತ್ತು ದಿನ, ವಿಸ್ತರಿಸುವುದೆಲ್ಲ ವಿಸ್ತರಿಸಿ ಆಗಿದೆ. ಇನ್ನೊಮ್ಮೆ ಬರುವಾಗ ಕಣ್ಣು ಇರುವುದಿಲ್ಲ.

ಆದ್ದರಿಂದ ಅವರನ್ನು ಒಳಗೆ ಬಿಡಿ ಎಂದು ಕೇಳುವುದನ್ನು ಇಂದಿಗೆ ನಿಲ್ಲಿಸುತ್ತಿದ್ದೇನೆ. ನೀವು ಬಿಡುವುದಿಲ್ಲ; ನನಗೆ ಆ ಭ್ರಮೆ ಉಳಿದಿಲ್ಲ. ನನ್ನ ಬೇಡಿಕೆ ಇಷ್ಟೇ. ನಿಮ್ಮ ಕಡತದಲ್ಲಿ, ನೀವು ಜೋಪಾನ ಮಾಡುವ ವಸ್ತುಗಳ ನಡುವೆ, ನನ್ನ ತಾಯಿ ತಾನು ತಪ್ಪು ಮಾಡಿದೆ ಎಂದು ಒಪ್ಪಿಕೊಂಡ ಹಾಳೆ ಇದೆ. ಅದನ್ನು ಈ ಒಂಬತ್ತು ದಿನಗಳೊಳಗೆ ವಾಪಸ್ ಕೊಡಿ. ಅವರ ಎದುರಿಗೇ ಹರಿಯುತ್ತೇನೆ. ಕಾಣದಿದ್ದರೂ ಹರಿದ ಸದ್ದು ಕೇಳುತ್ತದೆ.

ಇಂತಿ,
ಸಹಿ ಹಾಕುವ ಜಾಗವನ್ನು ಬೆರಳಿಟ್ಟು ತೋರಿಸಿದ ಮಗಳು,
ಸ್ಟೇಸಿ
ಅಲ್ ನಹ್ದಾ, ದುಬೈ